ಕೆನಡಾದವರು ತಮ್ಮ ಹಾಲಿನವರಿಗೆ ದುಡ್ಡು ಕೊಟ್ಟರಂತೆ. ನಮ್ಮ ಡೇರಿ ಸಭೆಯಲ್ಲಿ ನಾವು ಏನು ಕೇಳಬೇಕು?

ನಾಲೆ ಬದಿಯವನು (ಪಾಂಡವಪುರ ತಾಲ್ಲೂಕು)

ಮುಂದಿನ ತಿಂಗಳು ನಮ್ಮೂರ ಡೇರಿಯ ವಾರ್ಷಿಕ ಮಹಾಸಭೆ. ಪ್ರತಿ ವರ್ಷ ಬೋನಸ್ ಎಷ್ಟು, ಬಟವಾಡೆ ಏಕೆ ತಡ ಎಂದು ಗಲಾಟೆ ಮಾಡಿ, ಕೊಟ್ಟ ಖಾರಾ ಬೂಂದಿಯ ಪೊಟ್ಟಣ ಹಿಡಿದು ಮನೆಗೆ ಬರುತ್ತೇವೆ. ಈ ಸಲ ಒಂದು ನಿರ್ಣಯ ಬರೆದು ಒಕ್ಕೂಟಕ್ಕೂ ಸರ್ಕಾರಕ್ಕೂ ಕಳುಹಿಸೋಣ ಎಂದು ನನ್ನ ಆಸೆ. ವಿಷಯ: ಹೊರದೇಶದ ಹಾಲು.

ನನ್ನ ಚಿಕ್ಕಪ್ಪನ ಮಗ ಕೆನಡಾದ ಒಂಟಾರಿಯೊದಲ್ಲಿದ್ದಾನೆ. ಮೊನ್ನೆ ಅವನು ಫೋನಿನಲ್ಲಿ ಹೇಳಿದ ಕಥೆ ತಲೆಯಿಂದ ಹೋಗುತ್ತಿಲ್ಲ. ಅಲ್ಲಿ ಯಾರು ಎಷ್ಟು ಹಾಲು ಹಾಕಬೇಕು ಎನ್ನುವುದಕ್ಕೆ ಕೋಟಾ ಇದೆ, ಹೊರಗಿನ ಹಾಲಿಗೆ ಭಾರೀ ಸುಂಕವಿದೆ. ಆದರೂ ಐರೋಪ್ಯ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಾಗ 17,700 ಟನ್ ಚೀಸ್ ಹೆಚ್ಚುವರಿಯಾಗಿ ಒಳಗೆ ಬರಲು ಬಿಟ್ಟರು. 2017ರಲ್ಲಿ ಅದು ಜಾರಿಗೆ ಬಂತು. ಅದೇ ಹೊತ್ತಿಗೆ ರೈತರ ಕೊಟ್ಟಿಗೆ ಸುಧಾರಣೆಗೆಂದು ಐದು ವರ್ಷಕ್ಕೆ 25 ಕೋಟಿ ಡಾಲರ್, ಹಾಲು ಸಂಸ್ಕರಿಸುವವರಿಗೆ 10 ಕೋಟಿ ಡಾಲರ್ ತೆಗೆದಿಟ್ಟರು. ಹಾಲು ಕರೆಯುವ ರೋಬೋಟ್, ತಾನಾಗಿ ಮೇವು ಹಾಕುವ ಯಂತ್ರ ಇಂಥವಕ್ಕೆ ಸಹಾಯಧನ. ಆಮೇಲೆ ಪೆಸಿಫಿಕ್ ದೇಶಗಳ ಒಪ್ಪಂದವೂ ಸೇರಿದ್ದರಿಂದ 2019ರಲ್ಲಿ ಎಂಟು ವರ್ಷಕ್ಕೆ 175 ಕೋಟಿ ಡಾಲರ್ ಪರಿಹಾರ ಘೋಷಿಸಿದರು. 80 ಹಸು ಕಟ್ಟಿದವನಿಗೆ ಮೊದಲ ವರ್ಷವೇ 28,000 ಡಾಲರ್ ನೇರ ನಗದು ಎಂದು ಸರ್ಕಾರವೇ ಲೆಕ್ಕ ಕೊಟ್ಟಿತ್ತು.

"ಬಾಗಿಲು ತೆರೆದೆವು, ನಿಮಗೆ ನಷ್ಟವಾಯಿತು, ಇದನ್ನು ತೆಗೆದುಕೊಳ್ಳಿ" ಎಂದು ಒಪ್ಪಿಕೊಳ್ಳುವ ಸರ್ಕಾರ! ನಮ್ಮ ಕೇಂದ್ರ ಸರ್ಕಾರ ಬಾಗಿಲು ತೆರೆದಿಲ್ಲ, ಸರಿ. ಹಾಗಾದರೆ ನಾವು ಏನೂ ಕೇಳುವ ಹಾಗೆಯೇ ಇಲ್ಲವೇ?

ಮೂರು ಹಸುವಿನ ಮನೆ (ಮದ್ದೂರು ತಾಲ್ಲೂಕು)

ಅಣ್ಣ, ಎಂಬತ್ತು ಹಸುವಿನವನ ಕಷ್ಟ ಕೇಳಿ ನನಗೂ ಮರುಕವಾಯಿತು. ನನ್ನ ಮನೆಯಲ್ಲಿ ಮೂರಿವೆ. ಒಂದನ್ನು ಬತ್ತಿಸಿದ್ದೇನೆ. ಉಳಿದೆರಡು ಸೇರಿ ದಿನಕ್ಕೆ ಹದಿನೇಳು ಲೀಟರ್. ಬಟವಾಡೆಯ ದಿನ ಫೀಡು, ಬೂಸಾ, ಹಿಂಡಿಯ ಬಾಕಿ ಮುರಿದುಕೊಂಡ ಮೇಲೆ ಕೈಗೆ ಬರುವುದು ಕಾಲು ಭಾಗ. ನನ್ನ ಕೂಲಿ ಅದರಲ್ಲಿ ಸೇರಿಲ್ಲ, ಅದನ್ನು ಯಾರೂ ಸೇರಿಸುವುದಿಲ್ಲ. ರೋಬೋಟ್ ಬೇಡ, ಕೊಟ್ಟಿಗೆಯ ನೆಲಕ್ಕೆ ರಬ್ಬರ್ ಹಾಸು ಹಾಕಿಸಿಕೊಡಿ ಸಾಕು.

ಪೇಟೆ ಗಿರಾಕಿ (ಮೈಸೂರು, ಕುವೆಂಪುನಗರ)

ನಾನು ಹಾಲು ಕೊಳ್ಳುವವನು, ಹಾಗಾಗಿ ಬೈಗುಳಕ್ಕೆ ಸಿದ್ಧನಾಗಿಯೇ ಕೇಳುತ್ತೇನೆ. 2023ರ ಆಗಸ್ಟ್‌ನಲ್ಲಿ ಲೀಟರ್‌ಗೆ 3 ರೂಪಾಯಿ ಏರಿತು, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ. ನ್ಯೂಜಿಲೆಂಡಿನ ಪುಡಿ ಅಗ್ಗಕ್ಕೆ ಸಿಗುವುದಾದರೆ ನಿವೃತ್ತಿ ವೇತನದಲ್ಲಿ ಬದುಕುವ ನನ್ನಂಥವನು ಏಕೆ ಬೇಡ ಎನ್ನಬೇಕು?

ಹಿಪ್ಪುನೇರಳೆ (ಮಳವಳ್ಳಿ)

ಸ್ವಾಮಿ, ಬೈಯುವುದಿಲ್ಲ. ನಮ್ಮೂರಿನ ಕಥೆ ಹೇಳುತ್ತೇನೆ.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು. ನಮ್ಮ ತಂದೆ ಒಂದು ಎಕರೆ ಹಿಪ್ಪುನೇರಳೆ ಕಿತ್ತು ಕಬ್ಬು ನೆಟ್ಟರು. ಎರಡು ವರ್ಷದ ನಂತರ ಸುಂಕವನ್ನು ಶೇ 15ಕ್ಕೆ ಏರಿಸಿದರು, ನಿಜ. ಆದರೆ ಕಿತ್ತ ಗಿಡ ಮತ್ತೆ ಚಿಗುರಲಿಲ್ಲ. ಹುಳು ಗೂಡು ಕಟ್ಟುವ ಚಂದ್ರಂಕಿ ತಟ್ಟೆಗಳನ್ನು ಅಷ್ಟರಲ್ಲಿ ಒಲೆಗೆ ಹಾಕಿದ್ದೆವು. ಹಸುವೂ ಹಾಗೆಯೇ. ದರ ಬಿದ್ದ ವರ್ಷ ಮಾರಿದ ಹಸು, ದರ ಎದ್ದ ವರ್ಷ ತಾನಾಗಿ ಕೊಟ್ಟಿಗೆಗೆ ಬರುವುದಿಲ್ಲ. ಆಮೇಲೆ ಹೊರಗಿನವನು ಹೇಳಿದ್ದೇ ಬೆಲೆ. ಹಾಲಿನ ಪುಡಿಗೆ ಆಮದನ್ನೇ ನಂಬಿದ್ದ ಶ್ರೀಲಂಕಾದಲ್ಲಿ ಡಾಲರ್ ಖಾಲಿಯಾದಾಗ ಜನ ಪುಡಿಗಾಗಿ ಸರತಿ ನಿಂತದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ.

ಪೇಟೆ ಗಿರಾಕಿ

ರೇಷ್ಮೆಯ ವಿಷಯ ಗೊತ್ತಿರಲಿಲ್ಲ. ಕೇಳುತ್ತಿದ್ದೇನೆ, ಮುಂದುವರಿಸಿ.

ಮಾಜಿ ಕಾರ್ಯದರ್ಶಿ (ಶ್ರೀರಂಗಪಟ್ಟಣ ತಾಲ್ಲೂಕು)

ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ನಾನು. ನಾಲೆ ಬದಿಯವರು "ಬಾಗಿಲು ತೆರೆದಿಲ್ಲ" ಎಂದು ಸಲೀಸಾಗಿ ಬರೆದರು. ಆ ಬಾಗಿಲಿಗೂ ಒಂದು ಚರಿತ್ರೆ ಇದೆ.

1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿದಾಗ, ಕೆನೆರಹಿತ ಹಾಲಿನ ಪುಡಿಯ ಮೇಲೆ ಭಾರತ ಹಾಕಬಹುದಾದ ಸುಂಕದ ಮಿತಿ ಸೊನ್ನೆ. ಹೌದು, ಸೊನ್ನೆ. ಹಿಂದೆ ಎಂದೋ ಒಪ್ಪಿಕೊಂಡಿದ್ದ ಮಾತು ನಮ್ಮ ಕೊರಳಿಗೆ ಬಂದಿತ್ತು. ಮತ್ತೆ ಮಾತುಕತೆ ನಡೆಸಿ 2000ದ ಹೊತ್ತಿಗೆ ಸರಿಪಡಿಸಿಕೊಂಡರು: ಮೊದಲ 10,000 ಟನ್ನಿಗೆ ಶೇ 15, ಅದರ ಮೇಲೆ ಬಂದದ್ದಕ್ಕೆ ಶೇ 60. ಇಂದಿಗೂ ನಮ್ಮನ್ನು ಕಾಯುತ್ತಿರುವುದು ಆ ಅರವತ್ತೇ. ಆ ಸಂಸ್ಥೆಗೆ ದಾರಿ ಮಾಡಿದ ಡಂಕೆಲ್ ಪ್ರಸ್ತಾಪದ ವಿರುದ್ಧ ಪ್ರೊಫೆಸರ್ ನಂಜುಂಡಸ್ವಾಮಿಯವರು ಹಸಿರು ಶಾಲಿನವರನ್ನು ಬೀದಿಗೆ ಇಳಿಸಿದಾಗ ನಮ್ಮೂರಿನಲ್ಲೇ ನಕ್ಕವರಿದ್ದರು, ನಾನೂ ಒಬ್ಬ. ಈಗ ನಗು ಬರುವುದಿಲ್ಲ.

ಹದಿನಾರು ದೇಶಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದ ಕೂಟದಿಂದ 2019ರ ನವೆಂಬರ್ 4ರಂದು ಭಾರತ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲು ಅಲ್ಲಿ ಒಂದು ದೊಡ್ಡ ಅಡ್ಡಿಯಾಗಿತ್ತು. ಆಮೇಲೆ ಆಸ್ಟ್ರೇಲಿಯಾ, ಬ್ರಿಟನ್, ಸ್ವಿಟ್ಜರ್ಲೆಂಡ್-ನಾರ್ವೆಯವರ ಕೂಟ, ಕೊನೆಗೆ ನ್ಯೂಜಿಲೆಂಡ್ ಜೊತೆಗೂ ಒಪ್ಪಂದಗಳಾದವು. ಎಲ್ಲದರಲ್ಲೂ ಹಾಲನ್ನು ಹೊರಗಿಟ್ಟಿದ್ದಾರೆ. ಅಮೆರಿಕ ಬಹಳ ವರ್ಷಗಳಿಂದ ಒತ್ತುತ್ತಿದೆ. ಸತ್ತ ಪ್ರಾಣಿಗಳ ರಕ್ತ, ಮಾಂಸದಿಂದ ಮಾಡಿದ ಆಹಾರ ತಿನ್ನದ ಹಸುವಿನ ಹಾಲು ಎಂಬ ಪ್ರಮಾಣಪತ್ರ ತನ್ನಿ ಎಂದು ನಾವು ಕೇಳುತ್ತೇವೆ, ಅವರು ಅದನ್ನು ನೆಪ ಎನ್ನುತ್ತಾರೆ.

ಇಷ್ಟಾದರೂ ನಾನು ನಿಶ್ಚಿಂತನಲ್ಲ. ಗಡಿ ಮುಚ್ಚಿದ್ದರೂ ದರ ಒಳಗೆ ನುಗ್ಗುತ್ತದೆ. ಹೇಗೆ ಎಂದರೆ, ಮಳೆ ಚೆನ್ನಾಗಿ ಬಿದ್ದು ಹಸಿರು ಮೇವು ಬಂದ ತಿಂಗಳುಗಳಲ್ಲಿ ಹಾಲು ಉಕ್ಕುತ್ತದೆ. 2024ರ ಮುಂಗಾರಿನಲ್ಲಿ ರಾಜ್ಯದ ಒಕ್ಕೂಟಗಳೆಲ್ಲ ಸೇರಿ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಪ್ಯಾಕೆಟ್, ಮೊಸರು, ತುಪ್ಪ ಎಲ್ಲ ಆಗಿ ಉಳಿದದ್ದು ಪುಡಿಯಾಗಬೇಕು. ಜಗತ್ತಿನಲ್ಲಿ ಪುಡಿ ಅಗ್ಗವಾಗಿದ್ದರೆ ನಮ್ಮದನ್ನು ಹೊರಗೆ ಕೊಳ್ಳುವವರಿಲ್ಲ. ಗೋದಾಮಿನಲ್ಲಿ ಕೂರುತ್ತದೆ, ಒಕ್ಕೂಟದ ದುಡ್ಡು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಖರೀದಿ ದರ ಇಳಿಯುತ್ತದೆ. ಯುರೋಪಿನವರು 2015ರ ಮಾರ್ಚ್ 31ಕ್ಕೆ ತಮ್ಮ ಹಾಲಿನ ಕೋಟಾ ತೆಗೆದರು. ಹಾಲು ಹೆಚ್ಚಿ ದರ ಬಿದ್ದು, ಅವರ ಸರ್ಕಾರಿ ಉಗ್ರಾಣಗಳಲ್ಲಿ ಮೂರೂವರೆ ಲಕ್ಷ ಟನ್ನಿಗೂ ಹೆಚ್ಚು ಪುಡಿ ರಾಶಿ ಬಿತ್ತು. ಇತ್ತ ನಮ್ಮ ಉಗ್ರಾಣಗಳೂ ತುಂಬಿದ್ದವು. 2018ರ ಜುಲೈನಲ್ಲಿ ಮಹಾರಾಷ್ಟ್ರದ ರೈತರು ರಸ್ತೆಗೆ ಹಾಲು ಸುರಿದ ದೃಶ್ಯ ನೆನಪಿಸಿಕೊಳ್ಳಿ. ಒಂದು ಚೀಲ ವಿದೇಶಿ ಪುಡಿಯೂ ಇಳಿಯದೆ ಇಷ್ಟು ಆಗಬಹುದು.

ಬೆಳಿಗ್ಗೆ ಐದರ ಸರತಿ (ನಾಗಮಂಗಲ)

ಹೊರದೇಶದವರಿಗಿಂತ ಮೊದಲು ಗುಜರಾತಿನವರ ವಿಷಯ ಮಾತಾಡಿ. 2022ರ ಡಿಸೆಂಬರ್ 30ರಂದು ನಮ್ಮ ಗೆಜ್ಜಲಗೆರೆಯಲ್ಲೇ ಮೆಗಾ ಡೇರಿ ಉದ್ಘಾಟನೆಗೆ ಬಂದ ಅಮಿತ್ ಶಾ ಅವರು ಅಮುಲ್ ಮತ್ತು ನಂದಿನಿ ಜೊತೆಯಾಗಿ ಕೆಲಸ ಮಾಡಬೇಕು ಎಂದರು. ಮೂರು ತಿಂಗಳು ಕಳೆದ ಮೇಲೆ ಅಮುಲ್ ಬೆಂಗಳೂರಿಗೆ ಬರುತ್ತದೆ ಎಂದು ಪ್ರಕಟಣೆ ಬಂತು. ಚುನಾವಣೆ ಬೇರೆ. ಆಗ ಆದ ಗದ್ದಲ ಎಲ್ಲರಿಗೂ ಗೊತ್ತು.

ಹಿಪ್ಪುನೇರಳೆ

ನಮ್ಮವರು ದೆಹಲಿಗೆ ಹೋಗಬಹುದು, ಅವರು ಇಲ್ಲಿಗೆ ಬರಬಾರದೇ? 2024ರ ನವೆಂಬರ್‌ನಿಂದ ಮಂಡ್ಯದ ಹಾಲು ಎರಡು ಸಾವಿರ ಕಿಲೋಮೀಟರ್ ಆಚೆಗೆ ಟ್ಯಾಂಕರ್‌ನಲ್ಲಿ ಹೋಗಿ ದೆಹಲಿಯಲ್ಲಿ ನಂದಿನಿ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಅದೂ ಸ್ಪರ್ಧೆಯೇ.

ಬೆಳಿಗ್ಗೆ ಐದರ ಸರತಿ

ದೆಹಲಿಗೆ ಹೋಗಲಿ, ಸ್ಕಾಟ್‌ಲೆಂಡ್ ಕ್ರಿಕೆಟ್ ತಂಡದ ಅಂಗಿಯ ಮೇಲೂ ನಂದಿನಿ ಕೂತಿತ್ತು. ನನ್ನ ಹಾಲಿಗೆ ಅದರಿಂದ ಎಷ್ಟು ಪೈಸೆ ಬಂತು ಎಂದು ಕೇಳುವ ಹಕ್ಕು ನನಗಿದೆ.

ನಿರ್ವಾಹಕ

ಪಕ್ಷ, ಚುನಾವಣೆ, ಕ್ರಿಕೆಟ್ ಬೇರೆ ಕಡೆ ಇಟ್ಟುಕೊಳ್ಳಿ. ನಿರ್ಣಯಕ್ಕೆ ಬನ್ನಿ.

ಹಳೆಯ ಡಾಕ್ಟರು (ಮೈಸೂರು, ನಿವೃತ್ತ ಪಶುವೈದ್ಯ)

ತಡವಾಗಿ ಬಂದೆ. ಸುಂಕದ ಮಾತು ಓದಿದೆ. ನನ್ನ ಕೈ ಮೂವತ್ತು ವರ್ಷ ಇದ್ದದ್ದು ಕೊಟ್ಟಿಗೆಯಲ್ಲಿ, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಉದ್ದವಾದರೆ ಕ್ಷಮಿಸಿ.

ಹಾಲು ಉತ್ಪಾದನೆಯಲ್ಲಿ ಭಾರತ 1998ರಿಂದ ಜಗತ್ತಿಗೇ ಮೊದಲು. ಇದನ್ನು ನಾವು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಅಮೆರಿಕದ ಒಂದು ಹಸು ವರ್ಷಕ್ಕೆ ಹತ್ತು ಸಾವಿರ ಕಿಲೋ ಮೀರಿ ಹಾಲು ಕೊಡುತ್ತದೆ. ನಮ್ಮ ಸೀಮೆ ಹಸುವಿನ ಸರಾಸರಿ ದಿನಕ್ಕೆ ಎಂಟು ಕಿಲೋ ಚಿಲ್ಲರೆ. ನ್ಯೂಜಿಲೆಂಡಿನವನ ಗುಟ್ಟು ಇನ್ನೂ ಸರಳ: ವರ್ಷವಿಡೀ ಹುಲ್ಲು, ಹಸು ತಾನೇ ಹೋಗಿ ಮೇಯುತ್ತದೆ. ಕೊಯ್ದು ತರುವ ಕೂಲಿ ಇಲ್ಲ, ಚೀಲದ ಫೀಡಿನ ಖರ್ಚು ಬಹಳ ಕಡಿಮೆ. ತನ್ನ ಹಾಲಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲನ್ನು ಹೊರಗೆ ಮಾರುತ್ತಾನೆ. ಅವನ ಜೊತೆ ನಾವು ದರದಲ್ಲಿ ಓಡಲಾರೆವು. ಓಡಬೇಕಾಗಿಯೂ ಇಲ್ಲ. ಆದರೆ ನಮ್ಮ ಕೊಟ್ಟಿಗೆಯಲ್ಲಿ ದಿನವೂ ಸೋರಿಹೋಗುವ ದುಡ್ಡನ್ನು ನಿಲ್ಲಿಸಬಹುದು.

ನಾವು ಹೆಚ್ಚು ಹಾಲಿನ ಸೀಮೆ ತಳಿ ಹೋಲ್‌ಸ್ಟೀನ್‌ನ ವೀರ್ಯ ತಂದೆವು, ಅದರ ಹೊಟ್ಟೆಗೆ ಮಾತ್ರ ನಾಡ ತಳಿ ಹಳ್ಳಿಕಾರಿನ ಮೇವು ಹಾಕಿದೆವು. ಭತ್ತದ ಹುಲ್ಲು, ಕಬ್ಬಿನ ಸೋಗೆ. ಮಂಡ್ಯದಲ್ಲಿ ಇವೆರಡೂ ಪುಕ್ಕಟೆಯಂತೆ ಸಿಗುತ್ತವೆ, ಹೊಟ್ಟೆಯೂ ತುಂಬುತ್ತದೆ. ಆದರೆ ಭತ್ತದ ಹುಲ್ಲಿನ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಸಾರಜನಕ ಬಹಳ ಕಡಿಮೆ. ಕೊರತೆ ತುಂಬಲು ಫೀಡಿನ ಚೀಲ ಹರಿಯುತ್ತೀರಿ. ಮದ್ದೂರಿನ ತಾಯಿ ಬರೆದ ಮುಕ್ಕಾಲು ಪಾಲು ಹೋಗುವುದು ಅಲ್ಲಿಗೆ. ನಿಮ್ಮದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ದಶಕಗಳಿಂದ ನಡೆಯುತ್ತಿದೆ. ಹತ್ತು ಗುಂಟೆಯಲ್ಲಿ ನೇಪಿಯರ್, ಬದುವಿನ ಮೇಲೆ ಬೇಲಿ ಮೆಂತೆ, ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ ಇದ್ದರೆ ಚೀಲದ ಲೆಕ್ಕ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಇನ್ನು ಬೆದೆ. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ ಬಿಟ್ಟಿ ಊಟ. ಮೂರು ಸಲ ಇಂಜೆಕ್ಷನ್ ಹಾಕಿಸಿ ಗಬ್ಬ ನಿಲ್ಲದ ಹಸುವನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೆ! ದಿನಕ್ಕೆ ಒಂದು ಹಿಡಿ ಖನಿಜ ಮಿಶ್ರಣ ಹಾಕಿದ್ದರೆ ಅರ್ಧ ಜನಕ್ಕೆ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ಕೆಚ್ಚಲು ಬಾವು ಇನ್ನೊಂದು ಸೋರಿಕೆ. ಒಳಗೊಳಗೇ ಇರುವ ಬಾವು ಕಣ್ಣಿಗೆ ಕಾಣುವುದಿಲ್ಲ, ಒಂದೆರಡು ಲೀಟರ್ ಕಡಿಮೆಯಾದದ್ದನ್ನು "ಬಿಸಿಲಿಗೆ" ಎಂದು ಬಿಡುತ್ತೀರಿ. ರಬ್ಬರ್ ಹಾಸು ಕೇಳಿದ ತಾಯಿ ಸರಿಯಾದದ್ದನ್ನೇ ಕೇಳಿದ್ದಾರೆ. ಒಣ ನೆಲ, ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಕರೆದ ಕೂಡಲೇ ಮೇವು ಹಾಕಿ ಹಸು ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳುವುದು. ಇದಕ್ಕೆ ಡಾಲರ್ ಬೇಕಿಲ್ಲ.

ಹೊರಗೆ ಮಾರುವ ಕನಸಿದ್ದರೆ ಇನ್ನೊಂದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಹಾಕಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ನಮ್ಮಲ್ಲಿ ಒಂದು ಕಿಲೋ ಹಾಲಿಗೆ 0.5 ಮೈಕ್ರೊಗ್ರಾಂ ಮಿತಿ. ಯುರೋಪಿನಲ್ಲಿ 0.05, ಅಂದರೆ ನಮ್ಮದರ ಹತ್ತನೇ ಒಂದು. ಕಾಲುಬಾಯಿ ರೋಗ ಇರುವ ದೇಶದ ಹಾಲನ್ನು ಕೊಳ್ಳಲು ಅನೇಕ ದೇಶಗಳು ಹಿಂಜರಿಯುತ್ತವೆ. 2019ರಿಂದ ಕೇಂದ್ರದ ಖರ್ಚಿನಲ್ಲಿ ಲಸಿಕೆ ನಡೆಯುತ್ತಿದೆ. "ಲಸಿಕೆ ಹಾಕಿಸಿದರೆ ಎರಡು ದಿನ ಹಾಲು ಇಳಿಯುತ್ತದೆ" ಎಂದು ಹಸುವನ್ನು ತೋಟಕ್ಕೆ ಹೊಡೆದು ಅಡಗಿಸುವವರನ್ನು ಕಂಡಿದ್ದೇನೆ. ಹೆಸರು ಹೇಳುವುದಿಲ್ಲ, ಈ ಚರ್ಚೆಯಲ್ಲೇ ಇದ್ದಾರೆ.

ಬೆಳಿಗ್ಗೆ ಐದರ ಸರತಿ

ಡಾಕ್ಟರೇ, ಅದು ಒಂದೇ ಸಲ.

ಲೆಕ್ಕದ ಪುಸ್ತಕ (ಮಂಡ್ಯ)

ಡಾಕ್ಟರು ಹೇಳಿದ್ದಕ್ಕೂ ವಿಶ್ವ ವಾಣಿಜ್ಯ ಸಂಸ್ಥೆಯ ನಿಯಮಕ್ಕೂ ಒಂದು ಕೊಂಡಿ ಇದೆ. ಲೀಟರ್‌ಗೆ ಇಷ್ಟು ಎಂದು ಕೊಡುವ ದುಡ್ಡು ಅವರ ಪುಸ್ತಕದಲ್ಲಿ ದರಕ್ಕೆ ಕೈ ಹಾಕುವ ಸಹಾಯ. ನಮ್ಮಂಥ ದೇಶಗಳಿಗೆ ಆ ಉತ್ಪನ್ನದ ಒಟ್ಟು ಮೌಲ್ಯದ ಶೇ 10ರವರೆಗೆ ವಿನಾಯಿತಿ. ಸಂಶೋಧನೆ, ರೋಗ ನಿಯಂತ್ರಣ, ರೈತರಿಗೆ ತರಬೇತಿ ಇವಕ್ಕೆ ಮಿತಿಯೇ ಇಲ್ಲ. ಎಷ್ಟು ಬೇಕಾದರೂ ಸುರಿಯಬಹುದು, ಯಾರೂ ಕೇಳುವುದಿಲ್ಲ. ಆದರೆ ನಮ್ಮ ಸರ್ಕಾರಗಳಿಗೆ ಪ್ರಿಯವಾದದ್ದು ಮೊದಲನೆಯದು, ಏಕೆಂದರೆ ಅದನ್ನು ವೇದಿಕೆಯ ಮೇಲೆ ಘೋಷಿಸಬಹುದು. ಖನಿಜ ಮಿಶ್ರಣವನ್ನು ಘೋಷಿಸಿದರೆ ಚಪ್ಪಾಳೆ ಬೀಳುವುದಿಲ್ಲ.

ರಾಜ್ಯದಲ್ಲಿ 2008ರಲ್ಲಿ ಲೀಟರ್‌ಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾಯಿತು, 2013ರಲ್ಲಿ 4, 2016ರಲ್ಲಿ 5. ದಿನಕ್ಕೆ ಹತ್ತು ಲೀಟರ್ ಹಾಕುವವರಿಗೆ 50 ರೂಪಾಯಿ, ನೂರು ಲೀಟರ್ ಹಾಕುವವರಿಗೆ 500. ಖಾಸಗಿ ಡೇರಿಗೆ ಹಾಕಿದರೆ ಸೊನ್ನೆ. ಅದರಲ್ಲಿ ಒಂದು ಪಾಲನ್ನು ಮೇವಿಗೆ, ವೈದ್ಯಕ್ಕೆ ತಿರುಗಿಸಿ ಎಂದು ನಿರ್ಣಯದಲ್ಲಿ ಬರೆಯಬಾರದೇಕೆ?

ಮೂರು ಹಸುವಿನ ಮನೆ

ಪ್ರೋತ್ಸಾಹಧನಕ್ಕೆ ಕೈ ಹಾಕಬೇಡಿ, ಕೈ ಮುಗಿಯುತ್ತೇನೆ. ತಡವಾಗಿ ಬಂದರೂ ಅದು ಬ್ಯಾಂಕ್ ಖಾತೆಗೆ ಬರುತ್ತದೆ, ಫೀಡಿನ ಅಂಗಡಿಯವನ ಕೈಗೆ ಸಿಗುವುದಿಲ್ಲ. ಹೋದ ವರ್ಷ ಮಗಳ ಕಾಲೇಜು ಶುಲ್ಕ ಕಟ್ಟಿದ್ದು ಅದರಲ್ಲೇ. "ಮೇವಿಗೆ ತಿರುಗಿಸುತ್ತೇವೆ" ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಒಂದು ಸಲ ಮೇವು ಕತ್ತರಿಸುವ ಯಂತ್ರಕ್ಕೆ ಅರ್ಜಿ ಹಾಕಿದ್ದೆ. ಪಹಣಿ ಯಾರ ಹೆಸರಿನಲ್ಲಿದೆ ಎಂದರು, ಯಜಮಾನರ ತಂದೆಯ ಹೆಸರಿನಲ್ಲಿ ಎಂದೆ. ಡೇರಿ ಸದಸ್ಯತ್ವ ಯಾರದು ಎಂದರು, ಯಜಮಾನರದು ಎಂದೆ. ಹಾಗಾದರೆ ನೀವು ಯಾರು ಎಂದು ಕೇಳಿದರು. ಎರಡು ಹೊತ್ತು ಹಾಲು ಕರೆಯುವವಳು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಯಂತ್ರ ಊರಿನ ದೊಡ್ಡ ಮನೆಗೆ ಹೋಯಿತು, ಅದರ ಮೇಲೆ ಈಗ ಕೋಳಿ ಕೂರುತ್ತದೆ.

ಲೆಕ್ಕದ ಪುಸ್ತಕ

ಅಕ್ಕ, ನನ್ನ ಸಲಹೆ ವಾಪಸ್ ಪಡೆದಿದ್ದೇನೆ. ಐದು ರೂಪಾಯಿ ಹಾಗೆಯೇ ಇರಲಿ. ಉಳಿದದ್ದು ಅದರ ಮೇಲೆ ಬರಬೇಕು.

ನಾಲೆ ಬದಿಯವನು

ಅಕ್ಕನ ಮಾತು ಓದಿ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅಲ್ಲಿಯೂ ಮೊದಲ ಸುತ್ತಿನಲ್ಲಿ ಬೇಗ ಅರ್ಜಿ ಹಾಕಿದವರಿಗೇ ಹಣ ಸಿಕ್ಕಿತಂತೆ. 2019ರ ಪರಿಹಾರ ಕೋಟಾದ ಲೆಕ್ಕದಲ್ಲಿ ಹಂಚಿಕೆಯಾದ್ದರಿಂದ ದೊಡ್ಡವನಿಗೆ ದೊಡ್ಡ ಪಾಲು. ಇನ್ನೊಂದು ಮಾತು ಹೇಳಿದ: ದುಡ್ಡು ಕೊಟ್ಟರೂ ರೈತರ ಸಿಟ್ಟು ಆರಲಿಲ್ಲ, ಕೊನೆಗೆ 2025ರ ಜೂನ್‌ನಲ್ಲಿ, ಮುಂದಿನ ಯಾವ ವ್ಯಾಪಾರ ಒಪ್ಪಂದದಲ್ಲೂ ಹಾಲು, ಕೋಳಿ, ಮೊಟ್ಟೆಯ ವಿಷಯದಲ್ಲಿ ಇನ್ನಷ್ಟು ಬಿಟ್ಟುಕೊಡುವಂತಿಲ್ಲ ಎಂದು ಸಂಸತ್ತಿನಲ್ಲಿ ಕಾನೂನೇ ಮಾಡಿಸಿದರು.

ಹಾಗಾಗಿ ಪರಿಹಾರದ ಮಾತು ಬೇಡ. ಗೋಡೆ ನಿಂತಿರುವಾಗಲೇ ಕೊಟ್ಟಿಗೆ ಸರಿಯಾಗಬೇಕು. ನನ್ನ ಕರಡು ಹೀಗಿದೆ:

ಹಾಲಿನ ಪುಡಿಯ ಮೇಲಿನ ಶೇ 60 ಸುಂಕವನ್ನು ರಾಜ್ಯದ ಒಕ್ಕೂಟಗಳ ಅಭಿಪ್ರಾಯ ಕೇಳದೆ ಸಡಿಲಿಸಬಾರದು. ಪುಡಿಯ ದಾಸ್ತಾನು ಮಿತಿ ಮೀರಿದ ತಿಂಗಳುಗಳಲ್ಲಿ ಖರೀದಿ ದರ ಇಳಿಸುವ ಮೊದಲು ಸರ್ಕಾರ ಪುಡಿಯನ್ನು ಕೊಳ್ಳಬೇಕು. 2013ರಿಂದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಹಾಲು ಕೊಡುತ್ತಿರುವ ಕ್ಷೀರಭಾಗ್ಯಕ್ಕೆ ಪುಡಿಯೇ ಬೇಕಾಗುತ್ತದೆ, ಹಾಸ್ಟೆಲ್, ಆಸ್ಪತ್ರೆಗಳಿಗೂ ಅದನ್ನು ವಿಸ್ತರಿಸಬಹುದು. ಪ್ರತಿ ಡೇರಿಯಲ್ಲಿ ಖನಿಜ ಮಿಶ್ರಣ ಅರ್ಧ ದರಕ್ಕೆ, ಕೆಚ್ಚಲು ಬಾವಿನ ಪರೀಕ್ಷೆ ತಿಂಗಳಿಗೊಮ್ಮೆ ಉಚಿತವಾಗಿ. ಮೇವಿನ ಬೇರುಕಡ್ಡಿ ಊರಿನ ಗೋಮಾಳದ ಒಂದು ಎಕರೆಯಲ್ಲಿ ಬೆಳೆದು ಹಂಚಬೇಕು. ಸಹಾಯಧನದ ಅರ್ಜಿಗೆ ಪಹಣಿ ಕೇಳಬಾರದು, ಹಾಲು ಹಾಕಿದ ಪುಸ್ತಕ ಸಾಕು.

ಮೂರು ಹಸುವಿನ ಮನೆ

ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಮೊದಲು ಬರೆಯಿರಿ ಅಣ್ಣ. ಮನೆಗೆ ಎರಡು ಸದಸ್ಯತ್ವ, ಒಂದು ಹೆಂಗಸಿನದು ಎಂದು ಸೇರಿಸಿ. ಇಲ್ಲದಿದ್ದರೆ ಈ ನಿರ್ಣಯವೂ ಯಜಮಾನರದೇ.

ಮಾಜಿ ಕಾರ್ಯದರ್ಶಿ

ಸಂಘದ ಉಪವಿಧಿಯನ್ನು ತಿದ್ದಬೇಕಾಗುತ್ತದೆ. ತಿದ್ದೋಣ. ಗೋಮಾಳದ ವಿಷಯ ಮಾತ್ರ ಹುಷಾರು, ನಮ್ಮೂರಲ್ಲಿ ಗೋಮಾಳ ಇರುವುದು ಕಾಗದದಲ್ಲಿ. ಜಾಗದಲ್ಲಿ ಮನೆಗಳಿವೆ, ಒಂದರಲ್ಲಿ ನಮ್ಮ ಅಧ್ಯಕ್ಷರೇ ಇದ್ದಾರೆ.

ಪೇಟೆ ಗಿರಾಕಿ

ಒಬ್ಬ ಗಿರಾಕಿಯ ಸಹಿಗೂ ಜಾಗವಿದ್ದರೆ ಹೇಳಿ. ಅಫ್ಲಾಟಾಕ್ಸಿನ್ ಪರೀಕ್ಷೆಯ ಮಾತನ್ನೂ ಸೇರಿಸಿ, ಅದು ನನಗಾಗಿ.

ಬೆಳಿಗ್ಗೆ ಐದರ ಸರತಿ

ಎಲ್ಲ ಸರಿ. ಒಂದನ್ನು ಯಾರೂ ಬರೆಯಲಿಲ್ಲ. ಹೋರಿ ಕರು ಹುಟ್ಟಿದರೆ ಏನು ಮಾಡಬೇಕು? ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ, ಸೀಮೆ ಹೋರಿಯನ್ನು ಗಾಡಿಗೆ ಯಾರೂ ಕಟ್ಟುವುದಿಲ್ಲ, 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮಾರುವುದಕ್ಕೂ ಹೆದರಿಕೆ. ನನ್ನ ಕೊಟ್ಟಿಗೆಯಲ್ಲಿ ಎರಡಿವೆ. ಹಸುವಿನಷ್ಟೇ ತಿನ್ನುತ್ತವೆ. ಕೆನಡಾದ ತಮ್ಮನನ್ನು ಕೇಳಿ, ಅವರು ಏನು ಮಾಡುತ್ತಾರಂತೆ?

ನಾಲೆ ಬದಿಯವನು

ಕೇಳಿದೆ. ಒಂದೆರಡು ವಾರದೊಳಗೆ ಮಾರುತ್ತಾರಂತೆ.

ಬೆಳಿಗ್ಗೆ ಐದರ ಸರತಿ

ಯಾರಿಗೆ?

ನಾಲೆ ಬದಿಯವನು

ಅದನ್ನು ನಾನು ಇಲ್ಲಿ ಬರೆದರೆ ನಿರ್ವಾಹಕರು ಅಳಿಸುತ್ತಾರೆ.

ಹಳೆಯ ಡಾಕ್ಟರು

ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ನಳಿಕೆಗಳು ಬಂದಿವೆ; ಹತ್ತಕ್ಕೆ ಒಂಬತ್ತು ಹೆಣ್ಣು. ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ, ಬೆಲೆ ಹೆಚ್ಚು. ನಿರ್ಣಯದಲ್ಲಿ ಆರನೆಯದಾಗಿ ಅದನ್ನು ಹಾಕಿ, ಮಾಮೂಲಿ ದರಕ್ಕೇ ಕೊಡಿ ಎಂದು ಕೇಳಿ. ಈಗಾಗಲೇ ಹುಟ್ಟಿರುವ ಆ ಎರಡರ ಬಗ್ಗೆ ನನ್ನ ಬಳಿ ಉತ್ತರವಿಲ್ಲ. ಜಂತುಹುಳುವಿನ ಔಷಧಿ ಹಾಕಿಸಿದ್ದೀರಾ?